ತುಟಿ ತಪ್ಪದ ಸ್ಲೋ ಮೋಷನ್

ಹಾಡಿನ ವಿಡಿಯೋಗಳಲ್ಲಿ ಇದನ್ನ ನೋಡೇ ಇರ್ತೀರಿ. ಕೂದಲು ನಿಧಾನವಾಗಿ ಹಾರ್ತಿರುತ್ತೆ, ಸೆರಗು ತೇಲ್ತಿರುತ್ತೆ. ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂಡುತ್ತೆ. ಹೇಗೆ?

ಸೆಟ್‌ನಲ್ಲಿ ಹಾಡನ್ನ ಎರಡು ಪಟ್ಟು ವೇಗದಲ್ಲಿ ಹಾಕ್ತಾರೆ. ಕಲಾವಿದರು ಆ ಓಟಕ್ಕೇ ತುಟಿ ಆಡಿಸ್ಬೇಕು. ಕ್ಯಾಮೆರಾ ಸೆಕೆಂಡಿಗೆ 48 ಫ್ರೇಮ್ ಹಿಡಿಯುತ್ತೆ. ಅದನ್ನ 24ರಲ್ಲಿ ಓಡಿಸಿದಾಗ ತುಟಿ ಮೂಲ ಹಾಡಿನ ಲಯಕ್ಕೆ ಬರುತ್ತೆ. ಬಟ್ಟೆ, ನಡಿಗೆ, ಮಳೆಹನಿ ಎಲ್ಲ ಅರ್ಧ ವೇಗಕ್ಕಿಳಿಯುತ್ತೆ. ಉಸಿರಾಡೋಕೂ ಪುರುಸೊತ್ತಿಲ್ಲದ ಆ ಅವಸರದಲ್ಲೂ ಕಣ್ಣಲ್ಲಿ ಪ್ರೀತಿ ಉಳಿಸ್ಕೋಬೇಕು. ನನಗೆ ಅದೇ ದೊಡ್ಡ ನಟನೆ ಅನ್ಸುತ್ತೆ.

ಕೋಲ್ಡ್‌ಪ್ಲೇ ಸಂಗೀತ ತಂಡದ 2002ರ ‘ದಿ ಸೈಂಟಿಸ್ಟ್’ ಹಾಡಿನ ವಿಡಿಯೋ ಇನ್ನೂ ಮುಂದೆ ಹೋಯ್ತು. ಅಲ್ಲಿ ದೃಶ್ಯವೆಲ್ಲ ಹಿಮ್ಮುಖ. ಅದಕ್ಕಾಗಿ ಗಾಯಕ ಕ್ರಿಸ್ ಮಾರ್ಟಿನ್ ಇಡೀ ಹಾಡನ್ನ ಉಲ್ಟಾ ಉಚ್ಚಾರದಲ್ಲಿ ಹಾಡೋದನ್ನ ಕಲಿತ್ರು. ಒಮ್ಮೆ ಅವರ ತುಟಿಯನ್ನಷ್ಟೇ ಗಮನಿಸಿ ನೋಡಿ.