ಮಕ್ಕಳ ಭೇದಿಗೆ ಮನೆಯ ಮದ್ದು

ಬೇಸಗೆಯ ಕಡೆಯಲ್ಲಿಯೂ ಮುಂಗಾರಿನ ಮೊದಲಲ್ಲಿಯೂ ಮಕ್ಕಳಿರುವ ಮನೆಗಳಲ್ಲಿ ಭೇದಿಯ ಉಪದ್ರವವು ತಲೆದೋರುವುದುಂಟು. ಮಗುವಿಗೆ ನಾಲ್ಕು ಸಲ ನೀರಾಗಿ ಭೇದಿಯಾಯಿತೆಂದರೆ, "ನೀರು ಕೊಡಬೇಡಿ, ಅನ್ನ ಹಾಕಬೇಡಿ, ಹೊಟ್ಟೆ ಒಣಗಲಿ" ಎಂದು ಹಿರಿಯರು ವಿಧಿಸುವರು. ಇದು ಪ್ರೀತಿಯಿಂದಲೇ ಆಡಿದ ಮಾತು. ಆದರೆ ಇದರಿಂದಾಗುವ ಅನರ್ಥವು ದೊಡ್ಡದು. ನೀರುಭೇದಿಯಲ್ಲಿ ಮಗುವಿನ ಪ್ರಾಣಕ್ಕೆ ಸಂಚಕಾರ ತರುವುದು ಮುಖ್ಯವಾಗಿ ಶರೀರದಿಂದ ಹೊರಟುಹೋಗುವ ನೀರು ಮತ್ತು ಉಪ್ಪಿನ ನಷ್ಟವೇ. ಹೋದುದನ್ನು ತುಂಬಿಕೊಡುವುದೇ ಮೊದಲನೆಯ ಚಿಕಿತ್ಸೆ. ಅದಕ್ಕೆ ಬೇಕಾದ ಪದಾರ್ಥಗಳು ಪ್ರತಿಯೊಂದು ಅಡಿಗೆಯ ಮನೆಯಲ್ಲಿಯೂ ಇವೆ.

ಸಕ್ಕರೆಯ ಕೆಲಸ

ಬರಿಯ ನೀರು ಸಾಲದೆ ಎಂದು ಕೇಳಬಹುದು. ಸಾಲದು. ಕರುಳು ಸಕ್ಕರೆಯ ಅಂಶವನ್ನು ಹೀರಿಕೊಳ್ಳುವಾಗ ಅದರೊಡನೆ ಉಪ್ಪನ್ನೂ ಸೆಳೆದುಕೊಳ್ಳುವುದು. ಇವೆರಡನ್ನೂ ಹಿಂಬಾಲಿಸಿ ನೀರು ರಕ್ತವನ್ನು ಸೇರುವುದು. ಭೇದಿಯು ರಭಸವಾಗಿ ಆಗುತ್ತಿರುವಾಗಲೂ ಕರುಳಿನ ಈ ಶಕ್ತಿಯು ಬಹುಮಟ್ಟಿಗೆ ಕೆಡದೆ ಉಳಿದಿರುವುದು. ಈ ಚಿಕಿತ್ಸೆಯ ಮರ್ಮವೆಲ್ಲ ಇಷ್ಟೆ.

ಇದರ ಮಹಿಮೆಯು ಲೋಕಕ್ಕೆ ತಿಳಿದುದು 1971ರಲ್ಲಿ. ಪೂರ್ವ ಬಂಗಾಳದ ಯುದ್ಧಕ್ಕೆ ಅಂಜಿ ಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವಿನಲ್ಲಿ ಕಿಕ್ಕಿರಿದಿದ್ದಾಗ ಅವರಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ದ್ರವವು ಅಷ್ಟು ಮಂದಿಗೆ ಸಾಲದೆ ಹೋಯಿತು. ಆಗ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸು, ಅಡಿಗೆಯ ಉಪ್ಪು, ಅಡಿಗೆಯ ಸೋಡ ಇವುಗಳನ್ನು ಅಳತೆಯಿಂದ ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಅಲ್ಲಿ ನೂರಕ್ಕೆ ಸುಮಾರು 30ರಷ್ಟಿದ್ದ ಮರಣವು 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಈ ವೈದ್ಯರಿಗೆ 2023ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. ದಾದಿಯರಲ್ಲದ ತಾಯಂದಿರೂ ಸೋದರಿಯರೂ ಈ ಮದ್ದನ್ನು ಕೊಡಬಲ್ಲರೆಂಬುದೇ ಅಂದು ಸಿದ್ಧವಾದ ದೊಡ್ಡ ಸಂಗತಿ.

ಮಾಡುವ ಕ್ರಮ

ಔಷಧದ ಅಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪುಡಿಯೇ ಉತ್ತಮ. ಪೊಟ್ಟಣದ ಮೇಲೆ ಹೇಳಿರುವಷ್ಟೇ ನೀರಿನಲ್ಲಿ ಇಡೀ ಪೊಟ್ಟಣವನ್ನು ಕರಗಿಸತಕ್ಕದ್ದು. ಅದು ಕೈಗೆ ಸಿಕ್ಕದಿದ್ದರೆ, ಕುದಿಸಿ ಆರಿಸಿದ 1 ಲೀಟರು ನೀರಿಗೆ ಸಮವಾಗಿ ಸವರಿದ 6 ಟೀ ಚಮಚ ಸಕ್ಕರೆಯನ್ನೂ ಅರ್ಧ ಟೀ ಚಮಚ ಪುಡಿಯುಪ್ಪನ್ನೂ ಹಾಕಿ ಕದಡಬೇಕು. ಇಲ್ಲಿ ಕಣ್ಣಂದಾಜು ಸಲ್ಲದು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಸಕ್ಕರೆ ಹೆಚ್ಚಾದರೆ ಭೇದಿಯೇ ಹೆಚ್ಚುವುದು. ಕುಡಿಸುವ ಮೊದಲು ತಾಯಿಯು ರುಚಿ ನೋಡಲಿ; ಕಣ್ಣೀರಿಗಿಂತ ಉಪ್ಪಾಗಿದ್ದರೆ ಅದನ್ನು ಚೆಲ್ಲಿ ಹೊಸದಾಗಿ ಮಾಡಲಿ. ಕಲಸಿದ ನೀರನ್ನು ಮುಚ್ಚಿಟ್ಟು, 24 ಗಂಟೆಗಳಾದ ಮೇಲೆ ಉಳಿದುದನ್ನು ಬಿಸಾಡಬೇಕು.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರು, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರು ಕೊಡುವುದು ವಾಡಿಕೆ. ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಮಗು ವಾಂತಿಮಾಡಿದರೆ ಗಾಬರಿಗೊಳ್ಳದೆ ಹತ್ತು ನಿಮಿಷ ತಾಳಿ, ಮತ್ತೆ ಇನ್ನೂ ನಿಧಾನವಾಗಿ ಕೊಡತಕ್ಕದ್ದು.

ಪಥ್ಯ

ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಕೂಡದು. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲು ಮತ್ತು ಓ.ಆರ್.ಎಸ್. ಅಲ್ಲದೆ ಬೇರೇನೂ ಬೇಡ. ಅಂಥ ಕೂಸನ್ನು ಬೇಗನೆ ವೈದ್ಯರಿಗೆ ತೋರಿಸಬೇಕು. ದೊಡ್ಡ ಮಕ್ಕಳಿಗೆ ಉಪ್ಪು ಹಾಕಿದ ಅಕ್ಕಿಯ ಗಂಜಿ, ಮೆತ್ತಗಿನ ಮಜ್ಜಿಗೆಯನ್ನ, ಹೆಸರುಬೇಳೆಯ ತೊವ್ವೆ, ಬಾಳೆಯ ಹಣ್ಣು ಇವು ಹಿತಕರವಾದುವು. ನಮ್ಮ ಅಜ್ಜಿಯರ ಗಂಜಿಯನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪುವುದು. ಒಪ್ಪದಿರುವುದು ಉಪವಾಸವನ್ನು ಮಾತ್ರ. ಎಳನೀರು ಒಳ್ಳೆಯದಾದರೂ ಅದರಲ್ಲಿ ಉಪ್ಪಿನ ಅಂಶ ಕಡಮೆಯಾದುದರಿಂದ ಅದೊಂದನ್ನೇ ನೆಚ್ಚಲಾಗದು. ಸೀಸೆಯಲ್ಲಿ ಮಾರುವ ಸಿಹಿ ಪಾನಕಗಳೂ ಕಾಫಿಯೂ ವರ್ಜ್ಯ. ಭೇದಿಯನ್ನು ಒಮ್ಮೆಗೇ ಕಟ್ಟುವ ಮಾತ್ರೆಗಳನ್ನು ಮಕ್ಕಳಿಗೆ ಕೊಡಕೂಡದು. ವೈದ್ಯರು ಸತುವಿನ ಮಾತ್ರೆಯನ್ನು ಬರೆದುಕೊಟ್ಟರೆ, ಭೇದಿ ನಿಂತರೂ ಅವರು ಹೇಳಿದಷ್ಟು ದಿನವೂ ಅದನ್ನು ಕೊಡಬೇಕು.

ಎಚ್ಚರಿಕೆಯ ಲಕ್ಷಣಗಳು

ಮನೆಯ ಮದ್ದಿಗೂ ಒಂದು ಎಲ್ಲೆಯುಂಟು. ಮಗುವಿನ ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಮೂತ್ರವು ಬಹಳ ಹೊತ್ತು ಆಗದಿದ್ದರೆ, ಹೊಟ್ಟೆಯ ಚರ್ಮವನ್ನು ಹಿಡಿದೆತ್ತಿ ಬಿಟ್ಟಾಗ ಅದು ಮೆಲ್ಲಗೆ ಮೊದಲಿನಂತಾದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಕುಡಿದುದೆಲ್ಲ ವಾಂತಿಯಾದರೆ, ಅಥವಾ ಮಗುವು ಮಂಕಾಗಿ ಕುಡಿಯಲಾರದೆ ಹೋದರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ದಾರಿಯಲ್ಲಿಯೂ, ಮಗುವು ನುಂಗಬಲ್ಲುದಾದರೆ, ಚಮಚವನ್ನು ನಿಲ್ಲಿಸಬಾರದು.

ಕುಡಿಯುವ ನೀರನ್ನು ಕುದಿಸುವುದು, ಅಡಿಗೆಗೂ ಊಟಕ್ಕೂ ಮೊದಲು ಮತ್ತು ಶೌಚದ ನಂತರ ಸಾಬೂನಿನಿಂದ ಕೈ ತೊಳೆಯುವುದು, ಆಹಾರವನ್ನು ನೊಣ ಕೂರದಂತೆ ಮುಚ್ಚಿಡುವುದು, ಇವು ಭೇದಿಯನ್ನು ಬಹಳಮಟ್ಟಿಗೆ ಬಾಗಿಲಲ್ಲೇ ತಡೆಯುವುವು. ಆದರೂ ಅದು ಒಳಕ್ಕೆ ಬಂದಿತೆಂದರೆ, ಗೃಹಿಣಿಯರು ಮೊದಲು ನೆನೆಯತಕ್ಕುದು ಒಂದೇ ಮಾತು: ಹೊಟ್ಟೆಯನ್ನು ಒಣಗಿಸಬೇಡಿ, ಮಗುವಿಗೆ ಕುಡಿಸಿರಿ.