ಪಣಂಬೂರಿನ ಹಡಗು, ಚನ್ನಪಟ್ಟಣದ ಒಲೆ

‘ಬುಕ್ ಮಾಡಿ ವಾರವಾಯ್ತು, ಸಿಲಿಂಡರ್ ಇನ್ನೂ ಬಂದಿಲ್ವಲ್ಲೋ’ ಎಂದು ಅಮ್ಮ ಗೊಣಗಿದರೆ ನಾವು ಬೈಯುವುದು ತಂದುಕೊಡುವ ಹುಡುಗನನ್ನು. ಆದರೆ ಆ ಸಿಲಿಂಡರಿನ ಕಥೆ ಶುರುವಾಗುವುದು ಸಮುದ್ರದಲ್ಲಿ.

ನಮ್ಮ ದೇಶ ಬಳಸುವ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದಾಗುತ್ತದೆ. ಅದರಲ್ಲಿ ಒಂದು ಪಾಲು ಪಣಂಬೂರಿನ ನವಮಂಗಳೂರು ಬಂದರಿಗೆ ಬರುತ್ತದೆ. ಮಂಗಳೂರಿನಿಂದ ಹಾಸನ, ಮೈಸೂರು ಹಾದು ನಮ್ಮ ಮಾಗಡಿ ಸೀಮೆಯ ಸೋಲೂರಿನವರೆಗೆ ಸುಮಾರು 397 ಕಿ.ಮೀ. ಅನಿಲ ಕೊಳವೆಮಾರ್ಗವಿದೆ.

ರಾಮನಗರದಿಂದ ದಿನವೂ ಬೆಂಗಳೂರಿಗೆ ಓಡಾಡುವವರಿಗೆ ‘ಔಟರ್’ನಲ್ಲಿ ನಿಂತ ರೈಲಿನ ಸಂಕಟ ಗೊತ್ತು. ಹಡಗಿನದೂ ಅದೇ ಪಾಡು. ಅನಿಲ ಇಳಿಸುವ ಸೌಲಭ್ಯವಿರುವ ದಕ್ಕೆಗಳು ಕೆಲವೇ. ಮುಂದಿನ ಹಡಗು ಖಾಲಿಯಾಗಬೇಕು, ದಡದ ಟ್ಯಾಂಕಿನಲ್ಲಿ ಜಾಗವಿರಬೇಕು, ಕಡಲು ಶಾಂತವಾಗಿರಬೇಕು. ಆಮೇಲೆ ಬಂದರಿನ ಪೈಲಟ್ ಹಡಗು ಹತ್ತಿ ದಾರಿ ತೋರಿಸುತ್ತಾರೆ, ಟಗ್‌ಗಳು ಅದನ್ನು ದಕ್ಕೆಗೆ ಸೇರಿಸುತ್ತವೆ. ಒಪ್ಪಂದದ ಅವಧಿ ಮೀರಿದರೆ ಹಡಗಿನ ಮಾಲೀಕರಿಗೆ ‘ಡೆಮರೇಜ್’ ಕಟ್ಟಬೇಕು.

ಲೆಕ್ಕ ಹಾಕಿ: 20,000 ಟನ್ ಅನಿಲವೆಂದರೆ 14.2 ಕೆ.ಜಿ.ಯ ಸುಮಾರು 14 ಲಕ್ಷ ಸಿಲಿಂಡರ್! ದಾಸ್ತಾನು ಕಡಿಮೆಯಿದ್ದಾಗ ಇಷ್ಟು ಹೊತ್ತ ಒಂದು ಹಡಗು ತಡವಾದರೂ ಊರೂರಿನ ಒಲೆಗೆ ಬಿಸಿ ತಟ್ಟುತ್ತದೆ. ಅದಕ್ಕೇ ಮಂಗಳೂರಿನಲ್ಲಿ ಬಂಡೆ ಕೊರೆದು 80,000 ಟನ್ ಸಾಮರ್ಥ್ಯದ ಭೂಗತ ಸಂಗ್ರಹಾಗಾರ ಕಟ್ಟಿದ್ದಾರೆ.

ಕೆಲಸ ಹುಡುಕುತ್ತಿರುವ ಗೆಳೆಯರೇ, ಬಂದರು ಎಂದರೆ ಬರೀ ಕರಾವಳಿಯವರದ್ದಲ್ಲ. ಟರ್ಮಿನಲ್ ನಿರ್ವಹಣೆ, ಸುರಕ್ಷತೆ, ಸರಕು ಸಾಗಣೆ, ಎಲ್ಲದಕ್ಕೂ ಓದಿದವರು ಬೇಕು. ಕೊಳವೆ ನಮ್ಮೂರ ಹತ್ತಿರಕ್ಕೇ ಬಂದಿದೆ. ಅದರ ಇನ್ನೊಂದು ತುದಿಯತ್ತ ನಾವೂ ಒಮ್ಮೆ ನೋಡಬಾರದೇಕೆ?