ಕೀಲಿಕೈ ಕೊಡುವ ಹೊತ್ತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮನೆ ಕಟ್ಟುವುದು ಕಷ್ಟ, ನಿಜ. ಕಟ್ಟಿ ಆಳಿದ ಮನೆಯ ಯಜಮಾನಿಕೆಯನ್ನು ಹೊತ್ತರಿತು ಬಿಟ್ಟುಕೊಡುವುದು ಅದಕ್ಕಿಂತಲೂ ಕಷ್ಟ. ಈ ಮಾತು ನಮಗೆ ಚೆನ್ನಾಗಿ ಮನದಟ್ಟಾದದ್ದು ಅಮೆರಿಕಾದ ಮರುಭೂಮಿಯಲ್ಲಿ.

2019ರ ಜನವರಿ ತಿಂಗಳು. ನಾವು ಲಾಸ್ ಏಂಜಲೀಸ್ ನಗರದಲ್ಲಿ ಕನ್ನಡಿಗರೊಬ್ಬರ ಮನೆಯಲ್ಲಿ ತಂಗಿದ್ದೆವು. ಅಲ್ಲಿಂದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರಕ್ಕೆ ಹೋಗಬೇಕಾಗಿತ್ತು. ನೆರೆಮನೆಯವನ ತಂದೆತಾಯಿಗಳು ಅದೇ ದಾರಿಯಲ್ಲಿ ಹೊರಟಿದ್ದರು. ಹಿರಿಯರಿಗೆ 79 ವರ್ಷ, ಅವರ ಪತ್ನಿಗೆ 75. ಹಿಮ ಸುರಿಯುವ ಮಿನ್ನೆಸೋಟಾ ರಾಜ್ಯದವರು. ಚಳಿಗಾಲವನ್ನು ಬೆಚ್ಚಗಿನ ಅರಿಜೋನಾದಲ್ಲಿ ಕಳೆಯುವುದು ಅವರ ಹನ್ನೆರಡು ವರ್ಷಗಳ ವಾಡಿಕೆ. ಇಂಥವರನ್ನು ಅಲ್ಲಿಯ ಜನ 'ಹಿಮಹಕ್ಕಿಗಳು' ಎಂದೇ ಕರೆಯುತ್ತಾರೆ. ಹೊರಡುವ ಮುನ್ನ ಮಗ, "ಅಪ್ಪಾ, ಇನ್ನು ಗಾಡಿ ಓಡಿಸುವುದು ಸಾಕು. ನಾನೇ ಬಿಟ್ಟು ಬರುತ್ತೇನೆ" ಎಂದ. "ನಿನಗೆ ಸೈಕಲ್ ಕಲಿಸಿದವನು ನಾನು!" ಎಂದು ತಂದೆ ಗದರಿದರು. ಮಗ ಸುಮ್ಮನಾದ.

ಅವರ ವಾಹನ ನಮ್ಮ ಸಾರಿಗೆ ಬಸ್ಸಿನಷ್ಟು ಉದ್ದ. ಅದನ್ನು ಅಲ್ಲಿ ಆರ್.ವಿ. ಎನ್ನುತ್ತಾರೆ. ಒಳಗೆ ಮಂಚ, ಒಲೆ, ಫ್ರಿಜ್, ಶೌಚಾಲಯ ಎಲ್ಲವೂ ಇದ್ದವು. ಅಡಿಯಲ್ಲಿ ಮೂರು ತೊಟ್ಟಿಗಳು: ಒಳ್ಳೆಯ ನೀರಿಗೆ ಒಂದು, ಮಿಂದ ಮತ್ತು ಪಾತ್ರೆ ತೊಳೆದ ನೀರಿಗೆ ಒಂದು, ಶೌಚಕ್ಕೆ ಒಂದು. ಗಾಡಿ ಎಷ್ಟು ಭಾರ ಹೊರಬಹುದೆಂಬುದಕ್ಕೂ ಮಿತಿಯುಂಟು. "ಹೊಸದೊಂದು ಒಳಗೆ ಬಂದರೆ ಹಳೆಯದೊಂದು ಹೊರಗೆ ಹೋಗಬೇಕು. ಇದು ಈ ಮನೆಯ ಕಾನೂನು" ಎಂದು ಆ ತಾಯಿ ನಕ್ಕರು. ಅಟ್ಟದ ಮೇಲೆ ಒಡೆದ ಕೊಪ್ಪರಿಗೆಯನ್ನೂ ಜೋಪಾನ ಮಾಡುವ ನಮ್ಮ ಮನೆಗಳು ಆಗ ನೆನಪಾದವು.

ಮಧ್ಯಾಹ್ನ ಹೊರಟೆವು. ಊರುಗಳು ಹಿಂದೆ ಸರಿದಂತೆ 10ನೇ ನಂಬರಿನ ಹೆದ್ದಾರಿ ಬಟ್ಟಬಯಲಿಗೆ ಇಳಿಯಿತು. ಇಕ್ಕೆಲಗಳಲ್ಲಿ ಕುರುಚಲು ಗಿಡ, ದೂರದಲ್ಲಿ ಬೋಳು ಬೆಟ್ಟ. ಬ್ಲೈತ್ ಎಂಬ ಊರಿನ ಬಳಿ ಕೊಲರಾಡೋ ನದಿ ದಾಟಿದರೆ ಅರಿಜೋನಾ. ಅಷ್ಟರಲ್ಲಿ ಮುಸ್ಸಂಜೆಯಾಯಿತು. ಹಿರಿಯರು ಎರಡು ಸಲ ಕಣ್ಣುಜ್ಜಿಕೊಂಡರು. ಇದ್ದಕ್ಕಿದ್ದಂತೆ ಗಾಡಿ ಬಲಕ್ಕೆ ವಾಲಿ, ರಸ್ತೆಯಂಚಿನ ಜಲ್ಲಿಕಲ್ಲಿನ ಮೇಲೆ ಗಡಗಡನೆ ಸಾಗಿತು. ಹಿಂದಿನ ಲಾರಿ ಕಿವಿಗಡಚಿಕ್ಕುವಂತೆ ಹಾರ್ನ್ ಮಾಡಿತು. ಒಳಗೆ ತಟ್ಟೆಗಳು ಉರುಳಿದವು. ಹೇಗೋ ಗಾಡಿ ಮತ್ತೆ ರಸ್ತೆಗೆ ಬಂತು. ಪತ್ನಿ ಒಂದು ಮಾತನ್ನೂ ಆಡಲಿಲ್ಲ. ಅವರ ಕೈ ಮಾತ್ರ ಆಸನವನ್ನು ಬಿಗಿಯಾಗಿ ಹಿಡಿದಿತ್ತು.

ಆ ರಾತ್ರಿ ಕ್ವಾರ್ಟ್ಜ್‌ಸೈಟ್ ಎಂಬಲ್ಲಿ ತಂಗಿದೆವು. ಬೇಸಿಗೆಯಲ್ಲಿ ಕೆಲವೇ ಸಾವಿರ ಜನರಿರುವ ಊರು. ಚಳಿಗಾಲ ಬಂದರೆ ಸುತ್ತಲಿನ ಬಯಲೆಲ್ಲ ಗಾಲಿಮನೆಗಳಿಂದ ತುಂಬಿ ನಮ್ಮ ದನದ ಜಾತ್ರೆಯಂತೆ ಕಾಣುತ್ತದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಸರ್ಕಾರಿ ಬಯಲಿನಲ್ಲಿ ಶುಲ್ಕ ಕೊಟ್ಟು ತಂಗುವ ಏರ್ಪಾಟು 1983ರಿಂದ ನಡೆದುಬಂದಿದೆ. ಊರಿನ ಸ್ಮಶಾನದಲ್ಲಿ ತುದಿಗೆ ಒಂಟೆಯ ಬೊಂಬೆಯಿರುವ ಕಲ್ಲಿನ ಗೋಪುರವೊಂದಿದೆ. ಮರುಭೂಮಿಯಲ್ಲಿ ಸಾಮಾನು ಸಾಗಿಸಲೆಂದು ಅಮೆರಿಕಾದ ಸೈನ್ಯ 1850ರ ದಶಕದಲ್ಲಿ ಒಂಟೆಗಳನ್ನು ತರಿಸಿತ್ತು. ಅವುಗಳ ಜೊತೆ ಬಂದ ಹಾಜಿ ಅಲಿ ಎಂಬಾತ 1902ರಲ್ಲಿ ಇಲ್ಲಿಯೇ ಮಣ್ಣಾದ. ಹುಟ್ಟಿದ್ದು ಎಲ್ಲಿಯೋ, ಗಾಡಿ ನಿಂತದ್ದು ಎಲ್ಲಿಯೋ!

ಊಟವಾದ ಮೇಲೆ ಹಿರಿಯರು ಹೊರಗೆ ಕುರ್ಚಿ ಹಾಕಿಕೊಂಡು ಕುಳಿತರು. ಬಹಳ ಹೊತ್ತಿನ ನಂತರ, "ನನಗೆ ರಸ್ತೆಯ ಗೆರೆ ಕಾಣಲಿಲ್ಲ" ಎಂದರು. ಪತ್ನಿ ಮೆಲ್ಲಗೆ, "ಗೊತ್ತು. ಹೋದ ವರ್ಷವೂ ಕಾಣುತ್ತಿರಲಿಲ್ಲ" ಎಂದರು. ಹಿರಿಯರ ಕಣ್ಣು ತುಂಬಿತು. ಕಣ್ಣು ಮಂಜಾಗಿದೆ ಎಂದು ಒಪ್ಪಿಕೊಂಡರೆ ಕೀಲಿಕೈ ಹೋಗುತ್ತದೆ, ಕೀಲಿಕೈ ಹೋದರೆ ತನ್ನ ಮಾತು ಯಾರು ಕೇಳುತ್ತಾರೆ ಎಂಬ ಅಂಜಿಕೆ ಅವರನ್ನು ಕಾಡಿತ್ತು. ಈ ಅಂಜಿಕೆಗೆ ದೇಶ ಭಾಷೆಗಳ ಭೇದವಿಲ್ಲ. ಹೊಲದ ಪಹಣಿ, ಕಣಜದ ಬೀಗ, ಬ್ಯಾಂಕಿನ ಪಾಸ್‌ಬುಕ್ಕುಗಳನ್ನು ದಿಂಬಿನಡಿ ಇಟ್ಟು ಮಲಗುವ ಹಿರಿಯರು ನಮ್ಮ ಊರುಗಳಲ್ಲಿಯೂ ಇಲ್ಲವೇ?

ಬೆಳಿಗ್ಗೆ ಪಕ್ಕದ ಗಾಲಿಮನೆಯವನು ಮಾತನಾಡಿಸಲು ಬಂದ. ಅರವತ್ತರ ಆಸುಪಾಸಿನವನು, ಹಿಂದೆ ಲಾರಿ ಓಡಿಸಿದವನು. ಹಿಂದಿನ ದಿನದವರೆಗೆ ಗುರುತು ಪರಿಚಯವಿಲ್ಲ. ಹಿರಿಯರು ತಾವಾಗಿಯೇ ಜೇಬಿನಿಂದ ಕೀಲಿಕೈ ತೆಗೆದು, "ಮೇಸಾದವರೆಗೆ ನಡೆಸಿಕೊಡುತ್ತೀಯಾ?" ಎಂದು ಕೇಳಿದರು. ಆತ ಮರುಮಾತಿಲ್ಲದೆ ಒಪ್ಪಿದ. ಅವನ ಪತ್ನಿ ಸಣ್ಣ ಕಾರಿನಲ್ಲಿ ಹಿಂದೆ ಬಂದಳು. ಮೇಸಾ ಅಲ್ಲಿಂದ ಸುಮಾರು 240 ಕಿಲೋಮೀಟರು.

ಆತನ ನಡತೆ ನಮ್ಮ ಮನಸ್ಸಿನಲ್ಲಿ ಉಳಿದಿದೆ. ಹಿರಿಯರನ್ನು ಹಿಂದೆ ಕೂರಿಸದೆ ತನ್ನ ಪಕ್ಕದಲ್ಲಿಯೇ ಕೂರಿಸಿಕೊಂಡ. ರಸ್ತೆ ನೇರವಾಗಿದ್ದರೂ, "ಈ ಏರಿನಲ್ಲಿ ನಿಧಾನ ಮಾಡಲೇ? ಡೀಸೆಲ್ ಎಲ್ಲಿ ಹಾಕಿಸುತ್ತಿದ್ದಿರಿ?" ಎಂದು ಕೇಳುತ್ತಲೇ ಇದ್ದ. ಹಿರಿಯರ ಮುಖ ಅರಳಿತು. ಸಗ್ವಾರೋ ಎಂಬ ಆಳೆತ್ತರ ಮೀರಿದ ಕಳ್ಳಿಗಳನ್ನು ತೋರಿಸುತ್ತ, ಅವು ನೂರೈವತ್ತು ವರ್ಷ ಬಾಳಬಲ್ಲವು ಎಂದರು. ಮೊದಲ ಕೊಂಬೆ ಒಡೆಯಲೇ ಹಲವು ದಶಕ ಬೇಕು. ಎಳೆಯ ಸಗ್ವಾರೋ ಬಿಸಿಲಿಗೂ ಚಳಿಗೂ ಅಂಜಿ ಇನ್ನೊಂದು ಮರದ ನೆರಳಿನಲ್ಲಿಯೇ ಬೆಳೆಯುತ್ತದೆ. ಅದು ದೊಡ್ಡದಾಗುವ ಹೊತ್ತಿಗೆ ನೆರಳು ಕೊಟ್ಟ ಮರ ಎಷ್ಟೋ ವೇಳೆ ಒಣಗಿರುತ್ತದೆ. ಇಷ್ಟು ಹೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಮೇಸಾದ ಆ ತಂಗುದಾಣ 55 ವರ್ಷ ದಾಟಿದವರಿಗೆ ಮೀಸಲು. ಹಿರಿಯರಿಗಾಗಿಯೇ ಊರು ಕಟ್ಟುವ ಪದ್ಧತಿಗೆ ಅರಿಜೋನಾ ಹೆಸರುವಾಸಿ. ಡೆಲ್ ವೆಬ್ ಎಂಬ ಗುತ್ತಿಗೆದಾರ ಫೀನಿಕ್ಸ್ ಬಳಿ 1960ರ ಜನವರಿ 1ರಂದು 'ಸನ್ ಸಿಟಿ'ಯನ್ನು ತೆರೆದಾಗ ನೋಡಲು ಜನ ಮುಗಿಬಿದ್ದರು. ಇಂಥ ಕಡೆ ಈಜುಕೊಳ, ಕುಶಲಕಲೆಯ ಕೊಠಡಿ, ಕುಣಿತ, ಇಸ್ಪೀಟು ಎಲ್ಲ ಉಂಟು. ಮೊಮ್ಮಕ್ಕಳು ಬರಬಹುದು, ನೆಲೆಸುವಂತಿಲ್ಲ. ಸಂಜೆ ಆ ಬೀದಿಯಲ್ಲಿ ನಡೆದಾಗ ಮಗುವಿನ ಅಳುವೊಂದೂ ಕೇಳದೆ ನಮಗೆ ಹೇಗೋ ಹೇಗೋ ಆಯಿತು. ಆದರೆ ನಮ್ಮ ಗಾಡಿ ನಿಂತ ಹತ್ತು ನಿಮಿಷದಲ್ಲಿ ಆರು ಮನೆಯವರು ಬಂದು, "ಊಟ ಆಯಿತೇ? ಪ್ರಯಾಣ ಹೇಗಿತ್ತು?" ಎಂದು ವಿಚಾರಿಸಿದರು. ಮಕ್ಕಳು ದೂರವಿರುವ ನಮ್ಮ ಹಳ್ಳಿಯ ಎಷ್ಟು ಮುದುಕರಿಗೆ ಇಂದು ಈ ಭಾಗ್ಯವಿದೆ? ಅಲ್ಲಿಯವರನ್ನು ಹಳಿಯುವ ಮುನ್ನ ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು.

ಹೀಗೆ ಸಂಚರಿಸುವವರಿಗಾಗಿ ಜೋ ಮತ್ತು ಕೇ ಪೀಟರ್ಸನ್ ದಂಪತಿಗಳು 1978ರಲ್ಲಿ 'ಎಸ್ಕೇಪೀಸ್' ಎಂಬ ಸಂಘ ಕಟ್ಟಿದರು. ಮುಪ್ಪಿನಿಂದ, ಕಾಯಿಲೆಯಿಂದ ಗಾಡಿ ಓಡಿಸಲಾಗದವರಿಗೆ ಟೆಕ್ಸಾಸ್ ರಾಜ್ಯದ ಲಿವಿಂಗ್‌ಸ್ಟನ್‌ನಲ್ಲಿ ಆಸರೆಯ ತಾಣವೂ ಆಯಿತು. ಅಲ್ಲಿ ಅವರು ತಮ್ಮ ಗಾಲಿಮನೆಯಲ್ಲಿಯೇ ಇರುತ್ತಾರೆ. ಊಟ ಸಿಗುತ್ತದೆ, ವೈದ್ಯರ ಬಳಿಗೆ ಕರೆದೊಯ್ಯುವವರಿರುತ್ತಾರೆ. ಗಾಲಿ ನಿಂತರೂ ಮನೆ ಉಳಿಯಿತು.

ಆ ರಾತ್ರಿ ಹಿರಿಯರು ಮಗನಿಗೆ ಫೋನ್ ಮಾಡಿ, "ವಸಂತಕ್ಕೆ ನೀನೇ ಬಂದು ಗಾಡಿ ನಡೆಸು. ನಾನು ದಾರಿ ಹೇಳುತ್ತೇನೆ" ಎಂದರು. ಆ ಕಡೆಯಿಂದ ಮಗ ಏನೆಂದನೋ ನಮಗೆ ಕೇಳಿಸಲಿಲ್ಲ. ತಾಯಿ ಮಾತ್ರ ಸೆರಗಿಲ್ಲದ ಆ ನಾಡಿನಲ್ಲಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು.

ಹಿರಿಯರೇ, ಕೀಲಿಕೈಯನ್ನು ಯಾರೋ ಕಿತ್ತುಕೊಳ್ಳುವ ಮುನ್ನ ನಗುನಗುತ್ತ ಕೊಡಿರಿ. ಕೊಟ್ಟ ಕೈಗೆ ಗೌರವ ಉಳಿಯುತ್ತದೆ. ಮಕ್ಕಳೇ, ಕೀಲಿಕೈ ಪಡೆದ ಮೇಲೆ ಕೊಟ್ಟವರನ್ನು ಹಿಂದಿನ ಆಸನಕ್ಕೆ ತಳ್ಳಬೇಡಿರಿ. ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ದಾರಿ ನಿಮಗೆ ಗೊತ್ತಿದ್ದರೂ ಒಂದು ಮಾತು ಕೇಳಿರಿ.